ಕಾಲಿಗೆ ಚಕ್ರ ಕಟ್ಟಿಕೊಂಡ ಮಕ್ಕಳು

ಒಂದು ಕಡೆ ಕೂರದ ಮಗುವಿಗೆ ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ‘ಕಾಲಿಗೆ ಚಕ್ರ ಕಟ್ಟಿಕೊಂಡವನು’ ಎನ್ನುತ್ತೇವೆ, ‘ಕಪಿ’ ಎನ್ನುತ್ತೇವೆ. ಕೂತಲ್ಲೇ ಕೂತು ಕಿಟಕಿಯಾಚೆ ನೋಡುವ ಮಗುವಾದರೆ ‘ಮಂಕು’ ಎಂದುಬಿಡುತ್ತೇವೆ. ಈ ಎರಡು ಬಗೆಯ ಮಕ್ಕಳಲ್ಲಿಯೂ ಕೆಲವೊಮ್ಮೆ ಒಂದೇ ತೊಂದರೆಯ ಎರಡು ಮುಖಗಳಿರಬಹುದೆಂಬುದು ಬಹಳ ಜನರಿಗೆ ತಿಳಿದಿಲ್ಲ. ವೈದ್ಯರು ಅದನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ, ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ಹೇಳಬಹುದು.

ಇದನ್ನು ಬರೆಯಲು ಕಾರಣ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ದೂರವಾಣಿ ಕರೆ. ಅವಳ ಎಂಟು ವರ್ಷದ ಮಗನನ್ನು ಮಕ್ಕಳ ಮನೋವೈದ್ಯರಿಗೆ ತೋರಿಸಬೇಕೆಂದು ಶಾಲೆಯವರು ಸೂಚಿಸಿದ್ದರಂತೆ. ಮನೆಯಲ್ಲಿ ಅದೇ ದೊಡ್ಡ ರಾದ್ಧಾಂತ. “ಇವನ ಅಪ್ಪನೂ ಹೀಗೇ ಇದ್ದ, ನಾಲ್ಕು ಬಿದ್ದ ಮೇಲೆ ಸರಿಹೋದ” ಎಂದು ಅತ್ತೆ. “ನನ್ನ ಮಗನಿಗೆ ಹುಚ್ಚು ಹಿಡಿದಿಲ್ಲ” ಎಂದು ಯಜಮಾನರು. “ಮೇಷ್ಟ್ರೇ, ನೀವು ಇಷ್ಟೊಂದು ಮಕ್ಕಳನ್ನು ನೋಡಿದ್ದೀರಿ, ನಾನೇನು ಮಾಡಲಿ?” ಎಂದಳು. ನಾನು ವೈದ್ಯನಲ್ಲ. ಓದಿ ತಿಳಿದದ್ದನ್ನೂ ಶಾಲೆಯಲ್ಲಿ ಕಂಡದ್ದನ್ನೂ ಅವಳಿಗೆ ಹೇಳಿದೆ. ಅವಳ ಒಪ್ಪಿಗೆ ಪಡೆದು ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಮೊಬೈಲು ತಂದ ಕಾಯಿಲೆಯೆಂದು ಹಲವರು ನಂಬಿದ್ದಾರೆ. ಆದರೆ 1902ರಲ್ಲಿಯೇ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಲಂಡನ್ನಿನಲ್ಲಿ ನೀಡಿದ ಉಪನ್ಯಾಸಗಳಲ್ಲಿ, ಬುದ್ಧಿ ನೆಟ್ಟಗಿದ್ದೂ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾರದ ಮಕ್ಕಳನ್ನು ವರ್ಣಿಸಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1968ರಲ್ಲಿ ಬಾಲ್ಯದ ಅತಿಚಟುವಟಿಕೆಯೆಂದು ಸೇರಿದ ಈ ತೊಂದರೆ, 1980ರಲ್ಲಿ ಗಮನದ ಕೊರತೆಯೆನಿಸಿಕೊಂಡು, 1987ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇದು ತಾಯ್ತಂದೆಯರ ಸಾಕಣೆಯ ದೋಷವೂ ಅಲ್ಲ. ಇದರಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇಕಡಾ 70ರಿಂದ 80 ಎಂದು ಅವಳಿಮಕ್ಕಳ ಅಧ್ಯಯನಗಳು ತೋರಿಸಿವೆ. ಹಾಗಾಗಿ ಅತ್ತೆಯ ಮಾತಿನ ಮೊದಲರ್ಧವನ್ನು ವಿಜ್ಞಾನವೂ ಒಪ್ಪುತ್ತದೆ.

“ಕ್ರಿಕೆಟ್ಟಿನ ಮುಂದೆ ಎರಡು ಗಂಟೆ ಅಲುಗಾಡದವನು ಲೆಕ್ಕಕ್ಕೆ ಕೂತರೆ ಎರಡು ನಿಮಿಷವೂ ಇರಲಾರ. ಇದು ಸೊಕ್ಕಲ್ಲವೆ?” ಎಂಬುದು ಯಜಮಾನರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಈ ಮಕ್ಕಳಲ್ಲಿ ಗಮನವೇ ಇಲ್ಲವೆಂದಲ್ಲ. ಅದನ್ನು ಬೇಕಾದ ಕಡೆಗೆ ತಿರುಗಿಸಿ ನಿಲ್ಲಿಸುವ ಶಕ್ತಿ ಸಾಲದು. ರುಚಿಸಿದ ವಿಷಯ ತಾನಾಗಿಯೇ ಗಮನವನ್ನು ಸೆಳೆದುಕೊಳ್ಳುತ್ತದೆ. ರುಚಿಸದ ಕಡೆಗೆ ಒಳಗಿನಿಂದ ಯಾರೋ ದೂಡಬೇಕು. ಹಾಗೆ ದೂಡುವ, ತಡೆಯುವ, ಯೋಜಿಸುವ ಕೆಲಸದಲ್ಲಿ ಮಿದುಳಿನ ಮುಂಭಾಗದ ಪಾತ್ರ ದೊಡ್ಡದು. ಈ ಮಕ್ಕಳಲ್ಲಿ ಮಿದುಳಿನ ಹೊರಪದರ ಬಲಿಯುವುದು ಸರಾಸರಿ ಮೂರು ವರ್ಷ ತಡವೆಂದು 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿತು.

ಹಾಗೆಂದು ತುಂಟರೆಲ್ಲರಿಗೂ ಈ ಹಣೆಪಟ್ಟಿ ಅಂಟಿಸಲಾಗದು. ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿನಿಂದಾಗಲಿ ಇದು ತಿಳಿಯುವುದಿಲ್ಲ. ಗಮನದ ಒಂಬತ್ತು, ಚಟುವಟಿಕೆ ಹಾಗೂ ಆತುರದ ಒಂಬತ್ತು ಲಕ್ಷಣಗಳಲ್ಲಿ ಯಾವುದಾದರೊಂದು ಪಟ್ಟಿಯ ಆರಾದರೂ ಆರು ತಿಂಗಳಿಂದ ಇರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಕೆಲವಾದರೂ ಹನ್ನೆರಡು ವರ್ಷಕ್ಕೆ ಮೊದಲೇ ತೋರಿರಬೇಕು. ಮಗುವಿನ ಬದುಕಿಗೆ ಅವುಗಳಿಂದ ತೊಡಕಾಗಿರಬೇಕು. ಕಿವಿ, ಕಣ್ಣು, ನಿದ್ರೆ, ಓದುಬರಹದ ತೊಂದರೆ, ಮನೆಯ ಕಲಹ, ಭಯ ಇವುಗಳನ್ನೂ ವಿಚಾರಿಸಬೇಕು. ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸವಲ್ಲ ಇದು. ಉಪಾಧ್ಯಾಯರ ಮಾತಿಗೆ ಇಲ್ಲಿ ಬೆಲೆಯಿರುವುದು ಆದ್ದರಿಂದಲೇ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಬೇಕು. ಅವರಲ್ಲಿ ಅನೇಕರು ಗಲಾಟೆ ಮಾಡುವುದಿಲ್ಲ. ಪುಸ್ತಕ ಮರೆಯುತ್ತಾರೆ, ಅರ್ಧ ಉತ್ತರ ಬರೆದು ಕಾಗದ ಕೊಡುತ್ತಾರೆ, ಕರೆದಾಗ ಬೆಚ್ಚಿಬೀಳುತ್ತಾರೆ. ಯಾರಿಗೂ ತೊಂದರೆ ಕೊಡದ ಮಗುವಿನ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಮುಖ್ಯೋಪಾಧ್ಯಾಯರು ಇಂತಹ ಹುಡುಗನೊಬ್ಬನಿಗೆ ಗಂಟೆ ಬಾರಿಸುವ ಕೆಲಸ ವಹಿಸಿದ್ದರು. ಬೇವಿನ ಮರಕ್ಕೆ ತೂಗುಬಿಟ್ಟ ರೈಲುಹಳಿಯ ತುಂಡೇ ನಮ್ಮ ಗಂಟೆ. ಪ್ರತಿ ಅವಧಿಗೊಮ್ಮೆ ಎದ್ದು ಓಡುವುದು ಅವನ ಪಾಲಿಗೆ ಅಪರಾಧವಾಗದೆ ಹೊಣೆಯಾಯಿತು. ಅವರು ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಹತ್ತು ಲೆಕ್ಕವನ್ನು ಒಮ್ಮೆಲೇ ಕೊಡದೆ ಮೂರು ಮೂರಾಗಿ ಕೊಡುತ್ತಿದ್ದರು. ಸರಿಮಾಡಿದರೆ ಆಗಲೇ ಬೆನ್ನು ತಟ್ಟುತ್ತಿದ್ದರು. ಅವನಿಗೆ ಈ ತೊಂದರೆ ಇತ್ತೆಂದು ಇಂದು ನಾನು ನಿರ್ಣಯಿಸಲಾರೆ. ಆದರೆ ಇಂದಿನ ತಜ್ಞರು ಶಾಲೆಗಳಿಗೆ ನೀಡುವ ಸಲಹೆಗಳು ಬಹುಮಟ್ಟಿಗೆ ಇವೇ: ಕೆಲಸವನ್ನು ಚಿಕ್ಕದಾಗಿ ಒಡೆಯಿರಿ, ಸೂಚನೆಯನ್ನು ಬರೆದು ಕೊಡಿ, ನಡುನಡುವೆ ಎದ್ದಾಡಲು ಬಿಡಿ, ಮೆಚ್ಚುಗೆಯನ್ನು ತಡಮಾಡಬೇಡಿ.

ಇನ್ನು ಔಷಧಿ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲ ಉಪಾಯ ಔಷಧಿಯಲ್ಲ, ಮಗುವನ್ನು ನಡೆಸಿಕೊಳ್ಳುವ ಬಗೆಯಲ್ಲಿ ತಾಯ್ತಂದೆಯರಿಗೆ ಕೊಡುವ ತರಬೇತಿ. ದೊಡ್ಡ ಮಕ್ಕಳಿಗೆ ಅಗತ್ಯವಿದ್ದರೆ ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್ ಮುಂತಾದವನ್ನು ವೈದ್ಯರು ಬರೆದುಕೊಡುತ್ತಾರೆ. 1937ರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ಅಮೆರಿಕದ ವೈದ್ಯರು ಉತ್ತೇಜಕ ಔಷಧಿಯಿಂದ ಇಂತಹ ಮಕ್ಕಳು ಶಾಂತರಾಗಿ ಪಾಠದಲ್ಲಿ ತೊಡಗಿದ್ದನ್ನು ಕಂಡು ವರದಿ ಮಾಡಿದಂದಿನಿಂದ ಇದರ ಅನುಭವ ಬೆಳೆದುಬಂದಿದೆ. ಹಸಿವು, ನಿದ್ರೆ ಕಡಿಮೆಯಾಗಬಹುದು. ಆದ್ದರಿಂದ ಎತ್ತರ, ತೂಕ, ನಾಡಿಬಡಿತ, ರಕ್ತದೊತ್ತಡಗಳನ್ನು ವೈದ್ಯರು ಆಗಾಗ ನೋಡುತ್ತಿರಬೇಕು. ಕನ್ನಡಕ ಹಾಕಿದ ಮಾತ್ರಕ್ಕೆ ಓದು ಬಂದುಬಿಡುವುದಿಲ್ಲ; ಅಕ್ಷರ ಕಾಣುತ್ತದೆ. ಔಷಧಿಯೂ ಹಾಗೆಯೇ. ಕಲಿಸುವ ಕೆಲಸ ನಮ್ಮ ಪಾಲಿಗೆ ಉಳಿದೇ ಇರುತ್ತದೆ.

ನನ್ನ ವಿದ್ಯಾರ್ಥಿನಿ ಕಡೆಗೆ ವೈದ್ಯರಲ್ಲಿಗೆ ಹೋದಳು; ಯಜಮಾನರೂ ಒಲ್ಲದ ಮನಸ್ಸಿನಿಂದ ಜೊತೆಗೆ ಹೋದರು. ವೈದ್ಯರು ಮಗನ ಕುರಿತು ಒಂದೊಂದೇ ಪ್ರಶ್ನೆ ಕೇಳುತ್ತಿದ್ದಂತೆ ಅವರು ಮೌನವಾದರಂತೆ. ವಸ್ತು ಕಳೆಯುವುದು, ಆರಂಭಿಸಿದ್ದನ್ನು ಮುಗಿಸದಿರುವುದು, ಮಾತಿನ ನಡುವೆ ಬಾಯಿಹಾಕುವುದು — ಇವೆಲ್ಲ ಅವರದೇ ಕಥೆ. ಮೂರು ನೌಕರಿ ಬಿಟ್ಟದ್ದು, ಕರೆಂಟು ಬಿಲ್ಲು ಕಟ್ಟಲು ಮರೆತು ಮನೆಯಲ್ಲಿ ಜಗಳವಾದದ್ದು ನೆನಪಾಗಿ, “ನನ್ನನ್ನು ಸೋಮಾರಿ ಎಂದು ಹೊಡೆದರು, ನಾನೂ ಹಾಗೆಂದೇ ನಂಬಿದೆ” ಎಂದರಂತೆ. ಅತ್ತೆಯ ಮಾತಿನ ಉಳಿದರ್ಧ ನಿಜವಾಗಿರಲಿಲ್ಲ. ವಯಸ್ಸಾದಂತೆ ಓಡಾಟ ತಗ್ಗುತ್ತದೆ. ಒಳಗಿನ ಚಡಪಡಿಕೆಯೂ ಮರೆವೂ ಹಲವರಲ್ಲಿ ಉಳಿಯುತ್ತವೆ. ಹದಿನೇಳು ದಾಟಿದವರಿಗೆ ಐದು ಲಕ್ಷಣಗಳಿದ್ದರೂ ಸಾಕೆಂದು 2013ರ ಕೈಪಿಡಿ ಹೇಳುತ್ತದೆ. ಮಗನಿಗೆ ಎ.ಡಿ.ಎಚ್.ಡಿ. ಇರುವುದು ಖಚಿತವಾಗಿದೆ, ತಮ್ಮ ಪರೀಕ್ಷೆಗೂ ಯಜಮಾನರು ದಿನ ಗೊತ್ತುಮಾಡಿಕೊಂಡಿದ್ದಾರೆ. ಆ ದಿನದಿಂದ ಮನೆಯಲ್ಲಿ ಮಗನ ಮೇಲೆ ಕೈಯೆತ್ತಿಲ್ಲವೆಂದು ಅವಳು ಹೇಳಿದಳು.

ನಿಮ್ಮಲ್ಲಿ ಹಲವರು ಈಗ ತಾಯ್ತಂದೆಯರು, ಕೆಲವರು ಉಪಾಧ್ಯಾಯರು. ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ದೂರದ ಊರಿನವರು ಮೊದಲ ಸಲಹೆಗಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು; ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ವೈದ್ಯರನ್ನು ಕಾಣುವ ದಿನ ಬರುವವರೆಗೂ ಒಂದು ಕೆಲಸವನ್ನು ಮಾತ್ರ ಇಂದೇ ಮಾಡಬಹುದು: ‘ಸೋಮಾರಿ’ ಎಂಬ ಮಾತನ್ನು ಆ ಮಗುವಿನ ಕಿವಿಗೆ ಬೀಳದಂತೆ ನೋಡಿಕೊಳ್ಳಿ.