ನಿಲ್ಲುವ ದುಡಿಮೆ

ನಮ್ಮ ಭಾಷೆಯಲ್ಲಿ ನಿಂತವನಿಗಿರುವ ಮರ್ಯಾದೆ ಮಲಗಿದವನಿಗಿಲ್ಲ. ಬದುಕಿನಲ್ಲಿ ಗೆದ್ದವನು 'ತನ್ನ ಕಾಲ ಮೇಲೆ ತಾನು ನಿಂತವನು'. ಗಟ್ಟಿ ಅಭಿಪ್ರಾಯಕ್ಕೆ 'ನಿಲುವು' ಎಂದು ಹೆಸರು. 'ಕೂತು ಉಂಡರೆ ಕುಡಿಕೆ ಹೊನ್ನು ಸಾಲದು' ಎನ್ನುವ ಗಾದೆ ಕುಳಿತವನನ್ನೇ ಬಿಟ್ಟಿಲ್ಲವೆಂದ ಮೇಲೆ, ಹಗಲು ಹೊತ್ತು ಮಲಗಿದವನ ಪಾಡು ಕೇಳಬೇಕೆ? ಇಪ್ಪತ್ತು ವರ್ಷಗಳಿಂದ ಶಿರಸಿಯಲ್ಲಿ ನಿಂತೇ ಪಾಠ ಹೇಳುತ್ತ ಬಂದಿರುವ ನನಗೆ, ನಿಲ್ಲುವುದೂ ಒಂದು ದುಡಿಮೆಯೆಂದು ತಿಳಿದದ್ದು ತಂಗಿಯ ಮಗಳಿಂದ.

ತಂಗಿಯ ಮನೆ ಸಿದ್ದಾಪುರದಾಚೆಯ ಒಂದು ಹಳ್ಳಿಯಲ್ಲಿ. ಎರಡು ವರ್ಷಗಳ ಕೆಳಗೆ ಹುಡುಗಿಗೆ ಜ್ವರ ಬಂತು. ಆ ಸೀಮೆಯಲ್ಲಿ ಜ್ವರವೆಂದರೆ ಮೊದಲು ಮಂಗನ ಕಾಯಿಲೆಯ ದಿಗಿಲು. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಆ ರೋಗ ಕಾಡಂಚಿನ ಮನೆಗಳನ್ನು ಇನ್ನೂ ಬಿಟ್ಟಿಲ್ಲ. ರಕ್ತಪರೀಕ್ಷೆ 'ಅದಲ್ಲ' ಎಂದಿತು. ಜ್ವರ ಹೋಯಿತು, ಹೋದ ಶಕ್ತಿ ಮರಳಲಿಲ್ಲ. ಒಲೆಯ ಮುಂದೆ ಹತ್ತು ನಿಮಿಷ ನಿಂತರೆ ಕಣ್ಣು ಮಂಜಾಗುವುದು, ಆಡಬೇಕೆಂದ ಮಾತೇ ಮರೆಯುವುದು. "ಮನಿಕ್ಯಂಡ್ರೆ ಅಡ್ಡಿಲ್ಲೆ ಮಾವ, ನಿಂತ್ಕಂಡ್ರೆ ತಲೆ ಖಾಲಿ ಆಗ್ತು" ಎಂದಳು. ತೋರಿಸಿದಲ್ಲೆಲ್ಲ ಕುರ್ಚಿಯಲ್ಲಿ ಕೂರಿಸಿ ರಕ್ತದೊತ್ತಡ ನೋಡಿದರು, ಸರಿಯಾಗಿತ್ತು. ಯಲ್ಲಾಪುರದ ಮದುವೆಮನೆಯೊಂದರಲ್ಲಿ ಒಳಕೋಣೆಯಲ್ಲಿ ಮಲಗಿದ್ದವಳನ್ನು ಕಂಡು, ಈಗಿನ ಮಕ್ಕಳಿಗೆ ಮೈ ಬಗ್ಗುವುದಿಲ್ಲವೆಂದು ಹಿರಿಯರೊಬ್ಬರು ನಕ್ಕರು. ತಂಗಿ ಊಟ ಮಾಡದೆ ಹೊರಟುಬಂದಳು.

ಕೊನೆಗೊಬ್ಬ ವೈದ್ಯರು ಅವಳನ್ನು ಮೊದಲು ಮಲಗಿಸಿ, ಆಮೇಲೆ ಗೋಡೆಗೊರಗಿಸಿ ಹತ್ತು ನಿಮಿಷ ನಿಲ್ಲಿಸಿ, ನಾಡಿ ಮತ್ತು ಒತ್ತಡಗಳನ್ನು ಬರೆದುಕೊಂಡರು. ಅಂಕಿಗಳು ಹೆಚ್ಚು ಕೆಡಲಿಲ್ಲ. ಹುಡುಗಿ ಮಾತ್ರ ಬಿಳಿಚಿ, ಗೋಡೆಯ ಗುಂಟ ಜಾರಿ ಕುಳಿತಳು. ಕ್ರಾನಿಕ್ ಫಟೀಗ್ ಸಿಂಡ್ರೋಮ್, ಎಂದರೆ ಬಿಡದ ಬಳಲಿಕೆಯ ರೋಗ, ಎಂದರು ಅವರು. ಸೋಂಕಿನ ಬೆನ್ನಿಗೆ ಇದು ಬರುವುದುಂಟಂತೆ.

ಒಳಗಿನ ವ್ಯವಹಾರವನ್ನು ನಮ್ಮ ಸೀಮೆಯವರಿಗೆ ಹೇಳುವುದು ಸುಲಭ. ಗುಡ್ಡದ ಅಬ್ಬಿ ನೀರು ತಾನಾಗಿ ಅಂಗಳಕ್ಕಿಳಿದು ಬರುತ್ತದೆ. ಕೆಳಗಿನ ತೋಟದ ಬಾವಿಯ ನೀರನ್ನು ಮನೆಗೇರಿಸಲು ಪಂಪು ದುಡಿಯಬೇಕು. ಮಲಗಿದಾಗ ತಲೆ, ಎದೆ, ಕಾಲು ಒಂದೇ ಮಟ್ಟ. ಎದ್ದು ನಿಂತೊಡನೆ ಅರ್ಧ ಲೀಟರಿಗೂ ಮಿಕ್ಕ ರಕ್ತ ಹೊಟ್ಟೆ, ಕಾಲುಗಳತ್ತ ಇಳಿಯುತ್ತದೆ. ನಾಳಗಳು ಬಿಗಿದು, ಮೀನಖಂಡ ಹಿಂಡಿ, ಹೃದಯ ತುಸು ಬೇಗ ಬಡಿದು ಅದನ್ನು ಮೇಲಕ್ಕೆ ಕಳಿಸಬೇಕು. ಮಿದುಳಿನ ತೂಕ ಮೈತೂಕದ ನೂರರಲ್ಲಿ 2 ಪಾಲು. ಹೃದಯ ಕಳಿಸುವ ರಕ್ತದಲ್ಲಿ ಅದಕ್ಕೆ ಬೇಕಾದದ್ದು ಸುಮಾರು 15 ಪಾಲು.

ನೆದರ್ಲೆಂಡ್ಸಿನ ವಾನ್ ಕ್ಯಾಂಪೆನ್, ವಿಸರ್ ಮತ್ತು ಜೊತೆಗಾರರು 429 ರೋಗಿಗಳನ್ನೂ 44 ಆರೋಗ್ಯವಂತರನ್ನೂ ಓರೆಯಾಗಿ ಎತ್ತುವ ಮೇಜಿನ ಮೇಲೆ ಪರೀಕ್ಷಿಸಿ, ಕತ್ತಿನ ರಕ್ತನಾಳಗಳಲ್ಲಿ ಮಿದುಳಿಗೆ ಹರಿಯುವ ರಕ್ತವನ್ನು ಅಳೆದು 2020ರಲ್ಲಿ ಪ್ರಕಟಿಸಿದರು. ಎತ್ತಿ ನಿಲ್ಲಿಸಿದಾಗ ಆರೋಗ್ಯವಂತರಲ್ಲಿ ಹರಿವು ಇಳಿದದ್ದು ನೂರಕ್ಕೆ 7; ರೋಗಿಗಳಲ್ಲಿ 26. ನಾಡಿ, ಒತ್ತಡ ಎರಡೂ ನೆಟ್ಟಗಿದ್ದ ರೋಗಿಗಳಲ್ಲೂ ಹರಿವು ಹೀಗೆಯೇ ಕುಸಿದಿತ್ತು. 'ತಲೆ ಖಾಲಿ' ಎಂದ ಹುಡುಗಿ ಉತ್ಪ್ರೇಕ್ಷೆ ಮಾಡಿರಲಿಲ್ಲ.

ಇದನ್ನು ಬೇರುಸಹಿತ ಕೀಳುವ ಮದ್ದಿಲ್ಲ. ಓಡಾಡಿಸಿ ಗುಣಪಡಿಸುತ್ತೇವೆಂದರೆ ಮರುದಿನ ಮತ್ತಷ್ಟು ಕುಸಿತ. ವೈದ್ಯರು ಹೇಳಿದಷ್ಟು ಉಪ್ಪು, ನೀರು, ಬಿಗಿಯಾದ ಕಾಲುಚೀಲ, ಕುಳಿತು ಮಾಡಬಹುದಾದ ಕೆಲಸ, ಅದೂ ಮೈ ಒಪ್ಪಿದಷ್ಟು. ತಂಗಿ ಈಗ ಒಲೆಯ ಬಳಿ ಎತ್ತರದ ಸ್ಟೂಲು ಇಟ್ಟಿದ್ದಾಳೆ, ಜಗಲಿಯಲ್ಲಿ ಮಂಚ ಹಾಕಿಸಿದ್ದಾಳೆ. ಹುಡುಗಿ ಮಲಗಿಕೊಂಡೇ ಬಿ.ಎ. ಕೊನೆಯ ವರ್ಷದ ಪಾಠ ಓದುತ್ತಾಳೆ. ಪರೀಕ್ಷೆಯ ಮೂರು ಗಂಟೆ ಕೂರಲಾದೀತೇ ಎಂಬುದೊಂದೇ ಈಗಿನ ಚಿಂತೆ.

ಇಂಥ ಮನೆಗೆ ಹೋಗುವವರಲ್ಲಿ ನನ್ನದೊಂದು ಬಿನ್ನಹ. ಮಲಗಿದವರನ್ನು 'ಏಳು' ಎನ್ನಬೇಡಿ. ಮಂಚದ ಪಕ್ಕದಲ್ಲಿ ನೀವೇ ಕುಳಿತು ನಾಲ್ಕು ಮಾತಾಡಿ. ನಮ್ಮ ಹುಡುಗಿಯಂತೂ ಒಳ್ಳೆಯ ಮಾತುಗಾತಿ.