ಮದುವೆಮನೆಯ ಛಾಯಾಚಿತ್ರಗಳು

ಈಗಿನ ಕಾಲದ ವಿವಾಹಗಳಲ್ಲಿ ಪುರೋಹಿತರಿಗಿಂತಲೂ ಹೆಚ್ಚಿನ ಅಧಿಕಾರವುಳ್ಳವರು ಛಾಯಾಗ್ರಾಹಕರೆಂದರೆ ಅತಿಶಯೋಕ್ತಿಯಾಗಲಾರದು. ಅಂತರಪಟವು ಸರಿಯುವ ವೇಳೆಗೆ ನಾಲ್ವರು ಅದರ ಮುಂದೆ ಗೋಡೆಯಂತೆ ನಿಲ್ಲುವರು. ವಧುವು ವರನ ತಲೆಯ ಮೇಲೆ ಜೀರಿಗೆ ಬೆಲ್ಲವನ್ನು ಇರಿಸಿದೊಡನೆಯೇ, “ಇನ್ನೊಮ್ಮೆ ಇಡಿ, ಈ ಕಡೆ ನೋಡಿ” ಎಂಬ ಆಜ್ಞೆಯಾಗುವುದು. ಮಾಂಗಲ್ಯಧಾರಣವನ್ನು ನಡುವೆ ತಡೆದು, ವರನು ಎತ್ತಿದ ಕೈಗಳನ್ನು ಹಾಗೆಯೇ ಹಿಡಿದು ನಿಂತುದನ್ನೂ ನಾನು ನೋಡಿದ್ದೇನೆ. ದೂರದ ಊರಿನಿಂದ ಬಂದ ಬಂಧುಗಳಿಗೆ ಕಾಣುವುದು ಛಾಯಾಗ್ರಾಹಕರ ಬೆನ್ನು ಮಾತ್ರ.

ಎರಡನೆಯ ಸಲ ಮಾಡಿಸಿದ ಕಾರ್ಯದ ಚಿತ್ರವು ಆ ಕಾರ್ಯದ ಚಿತ್ರವೆನಿಸುವುದೇ? ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ವಿವಾಹವು 1840ರಲ್ಲಿ ನಡೆಯಿತು. ಛಾಯಾಚಿತ್ರಕಲೆಯು ಲೋಕಕ್ಕೆ ಪ್ರಕಟವಾಗಿ ಆಗ ಒಂದು ವರ್ಷವಾಗಿತ್ತಷ್ಟೇ. ಆ ಸಮಾರಂಭದ ಛಾಯಾಚಿತ್ರವಿಲ್ಲ. 1854ರಲ್ಲಿ ರೋಜರ್ ಫೆಂಟನ್ ಎಂಬವರು ರಾಣಿಯನ್ನೂ ಆಕೆಯ ಪತಿಯನ್ನೂ ಆಸ್ಥಾನದ ಉಡುಪಿನಲ್ಲಿ ನಿಲ್ಲಿಸಿ ತೆಗೆದ ಪಟಗಳನ್ನೇ ಅನೇಕರು ಮದುವೆಯ ಪಟಗಳೆಂದು ನಂಬಿರುವರು. ಅಷ್ಟರಲ್ಲಿ ಆ ದಂಪತಿಗಳಿಗೆ ಎಂಟು ಮಂದಿ ಮಕ್ಕಳಾಗಿದ್ದರು!

ಅಂದಿನ ಭಾರವಾದ ಯಂತ್ರಗಳ ಮುಂದೆ ಜನರು ಅಲುಗಾಡದೆ ನಿಲ್ಲಲೇಬೇಕಾಗಿತ್ತು. 1925ರಲ್ಲಿ ಜರ್ಮನಿಯಿಂದ ಲೈಕಾ ಎಂಬ ಕ್ಯಾಮರಾ ಮಾರಾಟಕ್ಕೆ ಬಂದಿತು. ಚಲನಚಿತ್ರದ 35 ಮಿಲಿಮೀಟರ್ ಫಿಲ್ಮನ್ನು ಬಳಸುವ ಆ ಯಂತ್ರವು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸೋನರು ಅದರ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿಯನ್ನು ಅಂಟಿಸಿಕೊಂಡು, ಯಾರ ಗಮನಕ್ಕೂ ಬಾರದಂತೆ ಜನಜೀವನದ ಚಿತ್ರಗಳನ್ನು ತೆಗೆದರು. ನಿಲ್ಲಿಸುವ ಅಗತ್ಯವು ತಪ್ಪಿ ಇಷ್ಟು ಕಾಲವಾದರೂ ನಮ್ಮ ಮದುವೆಮನೆಗಳಲ್ಲಿ ನಿಲ್ಲಿಸುವ ಅಭ್ಯಾಸವು ತಪ್ಪಿಲ್ಲ.

2019ರಲ್ಲಿ ಮೈಸೂರಿನಲ್ಲಿ ನನ್ನ ತಮ್ಮನ ಮಗಳ ವಿವಾಹವು ನಡೆದಾಗ, ಛಾಯಾಚಿತ್ರಗಳನ್ನು ತೆಗೆಯಲು ಒಬ್ಬ ತರುಣಿಯು ಬಂದಿದ್ದಳು. ಹಿಂದಿನ ದಿನವೇ ಛತ್ರಕ್ಕೆ ಬಂದು ನಮ್ಮ ದೊಡ್ಡಮ್ಮನವರ ಬಳಿ ಕುಳಿತು, ಧಾರೆಯನ್ನು ಯಾರು ಎರೆಯುವರು, ಅಂತರಪಟವನ್ನು ಯಾವಾಗ ತೆಗೆಯುವರು, ಆ ಹೊತ್ತಿಗೆ ಬೆಳಕು ಯಾವ ಕಿಟಕಿಯಿಂದ ಬೀಳುವುದು ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡಳು. ಕಾಣದಂತಿರುವ ವಿದ್ಯೆಯ ಮುಕ್ಕಾಲು ಪಾಲು ಇದೇ ಎಂದು ನನಗೆ ತೋರುತ್ತದೆ. ಮುಂದೆ ನಡೆಯುವುದನ್ನು ಅರಿಯದವರೇ “ಇನ್ನೊಮ್ಮೆ” ಎನ್ನುವರು. ಮರುದಿನ ಅವಳು ಸಾದಾ ನೂಲಿನ ಸೀರೆಯುಟ್ಟು ಹೆಂಗಸರ ನಡುವೆ ಕುಳಿತಿದ್ದಳು. ಕಣ್ಣು ಕುಕ್ಕುವ ದೀಪವಿಲ್ಲ. ಯಂತ್ರದ ಸದ್ದೂ ಇಲ್ಲ. ದೂರದಿಂದ ಕದ್ದು ತೆಗೆಯುವ ಉದ್ದನೆಯ ಮಸೂರವನ್ನು ಅವಳು ತಂದಿರಲೇ ಇಲ್ಲ. ಹತ್ತಿರವಿದ್ದೂ ತೊಡಕಾಗದಿರುವುದು ಹೆಣ್ಣುಮಕ್ಕಳಿಗೆ ಸುಲಭವೋ ಏನೋ, ಈ ಸಂಚಿಕೆಯನ್ನೋದುವ ಸೋದರಿಯರಲ್ಲಿ ಕ್ಯಾಮರಾ ಹಿಡಿದವರು ಹೇಳಬೇಕು.

ಅವಳು ತೆಗೆದ ಧಾರೆಯ ಚಿತ್ರವೊಂದುಂಟು. ತಮ್ಮನ ಹೆಂಡತಿಯು ಕಲಶದಿಂದ ನೀರೆರೆಯುತ್ತಿದ್ದಾಳೆ. ಎಲ್ಲರ ದೃಷ್ಟಿಯೂ ಕೆಳಗಿನ ಕೈಗಳ ಮೇಲಿದೆ. ಮೂಲೆಯ ಕುರ್ಚಿಯಲ್ಲಿದ್ದ ನಮ್ಮ ತಾಯಿಯವರೊಬ್ಬರು ಮಾತ್ರ ಕೈಗಳನ್ನು ಬಿಟ್ಟು ಮಗನ ಮುಖವನ್ನು ನೋಡುತ್ತಿದ್ದಾರೆ. ಅಂದು ಅದನ್ನು ನಾವಾರೂ ಕಂಡಿರಲಿಲ್ಲ. ತಾಯಿಯವರು ಈಗಿಲ್ಲ.

ಬೀಗರಿಗೆ ಮಾತ್ರ ಅಸಮಾಧಾನವಾಯಿತು. ವರನ ಸೋದರಮಾವನವರ ಮುಖವು ಒಂದು ಚಿತ್ರದಲ್ಲಿಯೂ ಪೂರ್ಣವಾಗಿ ಬಿದ್ದಿರಲಿಲ್ಲ. ಅವರ ದೂರು ನ್ಯಾಯವಾದುದೇ. ಮನೆತನದವರೆಲ್ಲರೂ ಸಾಲಾಗಿ ನಿಂತ ಪಟವೊಂದು ಗೋಡೆಗೆ ಬೇಕು; ಊಟದ ಬಳಿಕ ಅರ್ಧ ಗಂಟೆಯನ್ನು ಅದಕ್ಕೆಂದೇ ಇಟ್ಟರೆ ಶಾಸ್ತ್ರಕ್ಕೆ ಯಾವ ಭಂಗವೂ ಇಲ್ಲ.

ಅದಕ್ಕಿಂತ ಕಠಿನವಾದ ಸಂದೇಹವು ಬೇರೆಯಿದೆ. ತನ್ನನ್ನು ಯಾರೂ ನೋಡುತ್ತಿಲ್ಲವೆಂದು ತಿಳಿದವನ ಚಿತ್ರವು ಯಾರ ಸೊತ್ತು? ಮಗಳನ್ನು ಒಪ್ಪಿಸಿಕೊಟ್ಟ ಮೇಲೆ ತಮ್ಮನು ಅಡಿಗೆಯ ಪಾತ್ರೆಗಳ ಹಿಂದೆ ಒಬ್ಬನೇ ನಿಂತು ಅತ್ತಿದ್ದನು. ಆ ಚಿತ್ರವನ್ನು ತರುಣಿಯು ಆಲ್ಬಮ್ಮಿಗೆ ಸೇರಿಸದೆ, ಒಂದು ಲಕೋಟೆಯಲ್ಲಿಟ್ಟು ಅವನ ಕೈಗೇ ಕೊಟ್ಟು, “ಇದು ನಿಮ್ಮದು, ಸಾರ್, ಬೇಡವೆಂದರೆ ನನ್ನಲ್ಲಿರುವುದನ್ನೂ ಅಳಿಸಿಬಿಡುತ್ತೇನೆ” ಎಂದಳು. ಅಳಿಸುವಂತೆ ಅವನು ಹೇಳಲಿಲ್ಲ. ಅದನ್ನು ಯಾರಿಗೂ ತೋರಿಸಿಯೂ ಇಲ್ಲ. ಲಕೋಟೆಯು ಅವನ ಕಪಾಟಿನಲ್ಲಿದೆ.