ಸ್ವಂತ ಕೂಲರು

ಕಲಬುರಗಿಗೆ ವರ್ಗವಾಗಿದೆ ಎಂದು ಗೊತ್ತಾದ ವಾರವೆಲ್ಲ ತೀರ್ಥಹಳ್ಳಿಯ ನಮ್ಮ ಮನೆಗೆ ನೆಂಟರು ಬರುತ್ತಲೇ ಇದ್ದರು. ಬಂದವರು ಜಗಲಿಯ ಮೇಲೆ ಕೂತು, ಬೆಲ್ಲ ನೀರು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲ ದೇವರ ಇಚ್ಛೆ" ಅಂದು ಎದ್ದು ಹೋಗುತ್ತಿದ್ದರು. ಕೊನೆಗೆ ಕೆಳಮನೆಯ ಕೆಲಸದವಳು ಅಮ್ಮನನ್ನು ಹಿತ್ತಿಲಿಗೆ ಕರೆದು, "ಯಾರು ಹೋಗಿದ್ದು ಅಮ್ಮಾ?" ಎಂದು ಗುಟ್ಟಾಗಿ ಕೇಳಿದಳಂತೆ.

ನಾನು ಬಂದು ಇಷ್ಟು ವರ್ಷವಾದರೂ ಆ ಕನಿಕರ ಇಳಿದಿಲ್ಲ. ಊರಿಂದ ಫೋನು ಬಂದರೆ ಮೊದಲ ಪ್ರಶ್ನೆ, "ಬಿಸ್ಲು ಹೆಂಗಿದೆ ಮಾರಾಯ?" ಡಿಸೆಂಬರಿನ ಬೆಳಗ್ಗೆ ನಾನು ಮಫ್ಲರು ಸುತ್ತಿಕೊಂಡು ಸೀನುತ್ತಿರುವಾಗಲೂ ಅದೇ ಪ್ರಶ್ನೆ. ಏಪ್ರಿಲ್ ಬಂತೆಂದರೆ ಟೀವಿಯವರು ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಮುಖಕ್ಕೆಲ್ಲ ದುಪ್ಪಟ್ಟಾ ಸುತ್ತಿದ ಹುಡುಗಿಯರನ್ನೂ ಕಬ್ಬಿನ ಹಾಲಿನ ಗಾಡಿಯನ್ನೂ ತೋರಿಸುತ್ತಾರೆ. ನಮ್ಮ ಚಿಕ್ಕಮ್ಮ ಅದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಾರೆ. ಬಿಸಿಲು ಸುಳ್ಳೆಂದು ನಾನು ವಾದಿಸುವುದಿಲ್ಲ. ಮೇ ತಿಂಗಳಲ್ಲಿ 43, 44 ಡಿಗ್ರಿ ಮುಟ್ಟಿದ ದಿನಗಳನ್ನು ಕಂಡಿದ್ದೇನೆ, ಉಂಡಿದ್ದೇನೆ. ಆದರೆ ಮಳೆಗಾಲ ಪೂರ್ತಿ ಸೂರ್ಯನ ಮುಖ ಕಾಣದೆ, ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಳಬಟ್ಟೆ ಒಣಗಿಸಿ, ಹೊಗೆ ವಾಸನೆಯ ಅಂಗಿ ತೊಟ್ಟು, ಕಾಲಿಗೆ ಹತ್ತಿದ ಇಂಬಳ ಕಿತ್ತು ಬಿಸಾಡುತ್ತಾ ಬದುಕುವ ನಮ್ಮವರನ್ನು ನೆನೆದು ಕಲಬುರಗಿಯ ಒಬ್ಬರಾದರೂ ಅತ್ತಿದ್ದಾರೆಯೇ? ಇಲ್ಲಿ ಬಟ್ಟೆ ಹರವುತ್ತಾ ಹಗ್ಗದ ಆ ತುದಿಗೆ ಹೋಗುವಷ್ಟರಲ್ಲಿ ಈ ತುದಿಯ ಟವೆಲು ಒಣಗಿರುತ್ತದೆ. ಈ ಸುಖವನ್ನು ತೀರ್ಥಹಳ್ಳಿಯವರಿಗೆ ಹೇಗೆ ತಿಳಿಸಿ ಹೇಳುವುದು?

ಇಷ್ಟು ಜೋರಾಗಿ ನಾನು ಈ ಊರಿನ ಪರ ವಹಿಸಿ ಮಾತಾಡಲು ಮುಖ್ಯ ಕಾರಣ ನಮ್ಮ ಮನೆಯ ಮಾಲೀಕರು. ಇಡೀ ಓಣಿಗೆ ಅವರು ಕಾಕಾ. ಪಿಡಬ್ಲ್ಯುಡಿಯಲ್ಲಿ ರಸ್ತೆ ಅಳೆದು ಅಳೆದು ನಿವೃತ್ತರಾದವರು, ಆಳಂದದ ಕಡೆ ಹೊಲ ಇರುವವರು, ಜೇವರ್ಗಿ ರಸ್ತೆಯಿಂದ ಒಳಗೆ ಹೋದರೆ ಸಿಗುವ ಕಾಲೊನಿಯಲ್ಲಿ ಕೆಳಗೆ ತಾವಿದ್ದು ಉಳಿದದ್ದನ್ನು ಬಾಡಿಗೆಗೆ ಕೊಟ್ಟವರು. ಮನೆ ಕೇಳಲು ಹೋದಾಗ ಜಾತಿ ಕೇಳಲಿಲ್ಲ ಅಂದರೆ ಸುಳ್ಳಾದೀತು. ಊರು, ಅಡ್ಡಹೆಸರು, ದೇವರು ಕೇಳುವ ನೆಪದಲ್ಲಿ ಅದನ್ನೂ ತಿಳಿದುಕೊಂಡರು. ಆಮೇಲೆ ಚಾ ತರಿಸಿ, ನಿಜವಾದ ಪ್ರಶ್ನೆ ಕೇಳಿದರು.

"ಕೂಲರ್ ಖರೀದಿ ಮಾಡೋರೇನು, ಫ್ಯಾನ್‌ದಾಗೇ ಬ್ಯಾಸಗಿ ತೆಗಿಯೋರೇನು?"

ಬಾಡಿಗೆದಾರರ ಬಗ್ಗೆ ಕಾಕಾ ಕಟ್ಟಿಕೊಂಡಿದ್ದ ಒಂದು ಶಾಸ್ತ್ರವೇ ಇತ್ತು. ಟೇಬಲ್ ಫ್ಯಾನು ತಂದವನ ಜೇಬಿನಲ್ಲಿ ವರ್ಗಾವಣೆಯ ಅರ್ಜಿ ಆಗಲೇ ಇರುತ್ತದೆ. ಚಕ್ರವಿರುವ ಪ್ಲಾಸ್ಟಿಕ್ ಕೂಲರು ತಂದವನದು ಅರೆಮನಸ್ಸು. ತಳ್ಳಿಕೊಂಡು ಹೋಗಬಹುದಾದ್ದನ್ನು ಅವನು ತಳ್ಳಿಕೊಂಡೇ ಹೋಗುತ್ತಾನೆ. ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡು ಹೊಡೆಸಿ ದೊಡ್ಡ ತಗಡಿನ ಕೂಲರು ಕೂರಿಸಿದವನು ಮಾತ್ರ ಸಂಸಾರಸ್ಥ. "ಮತ್ತೆ ಎ.ಸಿ. ಹಾಕಿಸಿಕೊಂಡವರು?" ಎಂದೆ. "ಅವರು ಕದ ಹಾಕ್ಕೊಂಡು ಕೂಡ್ತಾರ್ರಿ. ಇದ್ದರೂ ಅಷ್ಟೇ, ಹೋದರೂ ಅಷ್ಟೇ."

ತಗಡಿನದನ್ನೇ ಕೊಂಡೆ. ಅದು ಶುರುವಾದರೆ ಅಕ್ಕಿ ಗಿರಣಿಯ ಹಾಗೆ ಸದ್ದು ಮಾಡುತ್ತದೆ, ಒಳಗೆ ಮಾತಾಡುವವರು ಕೂಗಿಯೇ ಮಾತಾಡಬೇಕು. ನಮ್ಮ ಮನೆಯ ಎಷ್ಟೋ ಜಗಳಗಳು ಹಾಗೆ ಓಣಿಯ ಪಾಲಾಗಿವೆ. ಮೂರು ಕಡೆ ಹುಲ್ಲಿನ ಪ್ಯಾಡು, ಕೆಳಗೆ ತೊಟ್ಟಿಯಲ್ಲಿ ನೀರು, ನೀರನ್ನು ಮೇಲೆತ್ತಿ ಹುಲ್ಲಿಗೆ ಸುರಿಯಲು ಅಂಗೈಯಗಲದ ಪಂಪು. ಒಣಗಾಳಿ ಒದ್ದೆ ಹುಲ್ಲನ್ನು ಹಾಯುವಾಗ ನೀರು ಆವಿಯಾಗಿ ಗಾಳಿಯ ಕಾವನ್ನು ಹೀರಿಕೊಂಡುಬಿಡುತ್ತದೆ, ಅಷ್ಟೇ ವಿದ್ಯೆ. ಈ ವಿದ್ಯೆ ಒಣ ಊರಿಗೆ ಮಾತ್ರ ಒಲಿದದ್ದು. ಮಂಗಳೂರಿನ ಬೆವರು ಸೆಕೆಯಲ್ಲಿ ಇದನ್ನಿಟ್ಟರೆ ಹಾಸಿಗೆ ಒದ್ದೆಯಾದೀತೇ ಹೊರತು ಮೈ ತಣಿಯದು. ದಕ್ಷಿಣದಿಂದ ಬಂದ ಬಾಡಿಗೆದಾರರೆಲ್ಲ ಬಾಗಿಲು ಕಿಟಕಿ ಭದ್ರ ಮಾಡಿ ಕೂಲರು ಹಾಕುತ್ತಾರೆಂಬುದು ಕಾಕಾ ಅವರ ದೊಡ್ಡ ದುಃಖ. "ಬಂದ ಗಾಳಿಗಿ ಹೋಗ್ಲಾಕ ದಾರಿ ಬೇಕಲ್ರಿ. ಎದುರಿನ ಖಿಡಕಿ ತೆರೀರಿ" ಎಂದು ಓಣಿಯಲ್ಲಿ ನಿಂತೇ ಕೂಗುತ್ತಾರೆ.

ಆ ಹುಲ್ಲು ಒಂದು ಬೇಸಿಗೆಗೆ ಬೆಳ್ಳಗೆ ಕಲ್ಲುಗಟ್ಟುತ್ತದೆ. ಬೋರಿನ ನೀರಿನ ಸುಣ್ಣ. ಈ ಜಿಲ್ಲೆಯ ನೆಲದಡಿಯಲ್ಲಿ ಸುಣ್ಣದ ಕಲ್ಲು ಹೇರಳ. ಶಹಾಬಾದಿನ ಪರಸಿ ಅದೇ, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಅದನ್ನೇ. 2019ರಲ್ಲಿ ಜಿಐ ಮುದ್ರೆ ಬಿದ್ದ ಇಲ್ಲಿನ ತೊಗರಿಯ ರುಚಿಗೂ ಮಣ್ಣಿನ ಈ ಸುಣ್ಣವೇ ಕಾರಣ ಎನ್ನುತ್ತಾರೆ. ಕಾಕಾ ಇದನ್ನು ಇನ್ನೂ ಮುಂದಕ್ಕೆ ಒಯ್ದು, ತಮ್ಮ ಮೊಣಕಾಲು ನೋವಿಗೆ ಮಾತ್ರ ಈ ಸುಣ್ಣ ಯಾಕೆ ಕೆಲಸಕ್ಕೆ ಬರುವುದಿಲ್ಲ ಎಂದು ಡಾಕ್ಟರರನ್ನೇ ಪೀಡಿಸುತ್ತಾರೆ.

ಮನೆಯ ಛತ್ತಿನ ಮೇಲೆ ಒಂದು ತಗಡಿನ ಖೋಲಿ ಇದೆ. ಬಂದ ವರ್ಷ ನೀರಿನ ಟ್ಯಾಂಕು ನೋಡಲು ಹೋಗಿ ಅದರೊಳಗೆ ಇಣುಕಿದೆ. ಒಂದು ಜೊತೆ ಗಮ್ ಬೂಟು. ಉದ್ದ ಹಿಡಿಕೆಯ ಕೊಡೆಗಳ ಕಂತೆ. ತೆಂಗಿನಕಾಯಿ ತುರಿಯುವ ಮಣೆಗಳು, ಒಂದರ ಮೇಲೊಂದು. ಕಂಬಳಿ, ತಾಮ್ರದ ಹಂಡೆ, ಬೆತ್ತದ ತೊಟ್ಟಿಲು. ಎಲ್ಲಕ್ಕೂ ಚೀಟಿ ಕಟ್ಟಿತ್ತು: 'ಹಾಸನದ ಸರ್ವೆಯವರು', 'ಪುತ್ತೂರಿನ ಬ್ಯಾಂಕಿನವರು', 'ಮೈಸೂರು ಮೇಡಂ', ಕೆಳಗೆ ಬಿಟ್ಟುಹೋದ ತಾರೀಖು. ಬಹುಪಾಲು ಜೂನ್. ವರ್ಗಾವಣೆಯ ಲಾರಿಯಲ್ಲಿ ಹಿಡಿಸದ್ದನ್ನೆಲ್ಲ, ಮತ್ತೆ ಬಂದು ಒಯ್ಯುತ್ತೇವೆಂದು ಹೇಳಿ ಬಿಟ್ಟು ಹೋದವರ ಸಾಮಾನು. ಯಾರೂ ಬಂದಿರಲಿಲ್ಲ. ಗುಜರಿಗೆ ಹಾಕಬಾರದೇ ಎಂದರೆ ಕಾಕಾ ಹುಬ್ಬು ಗಂಟಿಕ್ಕಿದರು. "ಅಲ್ರೀ, ಅವರು ಬರ್ತೀನಿ ಅಂದಾರಲ್ಲ?"

ಊರು ಬಿಟ್ಟು ಹೋದವರ ಬಗ್ಗೆ ಅವರಿಗೆ ಸಿಟ್ಟಿಲ್ಲ, ಯಾಕೆಂದರೆ ಅವರ ಲೆಕ್ಕದಲ್ಲಿ ಮೊದಲು ಹೋದವನು ಸುಲ್ತಾನನೇ. ಬಹಮನಿಗಳು 1347ರಲ್ಲಿ ರಾಜ್ಯ ಕಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿದ್ದು, 1422ರಲ್ಲಿ ಪಟ್ಟಕ್ಕೆ ಬಂದ ಅಹಮದ್ ಷಾ ಕೆಲವೇ ವರ್ಷಗಳಲ್ಲಿ ಅದನ್ನು ಬೀದರಿಗೆ ಒಯ್ದದ್ದು, ಇವೆಲ್ಲ ನಾವು ಶಾಲೆಯಲ್ಲಿ ಕಂಠಪಾಠ ಮಾಡಿ ಮರೆತದ್ದು. ಕಾಕಾ ಮರೆತಿಲ್ಲ. "ಬೀದರ್ ಎತ್ತರದ ಮ್ಯಾಲ ಅದ, ಥಂಡ ಗಾಳಿ. ಅಂವಾನೂ ಟ್ರಾನ್ಸ್‌ಫರ್ ಮಾಡಿಸ್ಕೊಂಡು ಹೋದಾಂವನೇ. ಒಂದು ಫರಕು, ಆರ್ಡರ್ ಅಂವಾನೇ ಬರಕೊಂಡ." ಅವರ ಅಚ್ಚುಮೆಚ್ಚಿನವನು ಪರ್ಷಿಯಾದ ಕಜ್ವೀನಿನಿಂದ ಬಂದ ರಫಿ. 1367ರಲ್ಲಿ ಕೋಟೆಯೊಳಗಿನ ಜಾಮಿ ಮಸೀದಿ ಕಟ್ಟಿದವನು. ಬೇರೆ ಊರಿನ ದೊಡ್ಡ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಕಟ್ಟಡದ ಮೇಲೆ ಸಾಲು ಸಾಲು ಗುಮ್ಮಟಗಳ ಮುಚ್ಚಿಗೆ. ಕಲಾ ಇತಿಹಾಸದವರು ಇದಕ್ಕೆ ಬೇರೆ ಬೇರೆ ಹೋಲಿಕೆ ಹುಡುಕುತ್ತಾರೆ, ಸ್ಪೇನಿನ ಕಾರ್ಡೋಬಾದವರೆಗೆ ಹೋಗುತ್ತಾರೆ. ಪಿಡಬ್ಲ್ಯುಡಿಯ ಅಭಿಪ್ರಾಯ ಸರಳ: ಮನುಷ್ಯ ಮೇ ತಿಂಗಳಲ್ಲಿ ಸೈಟು ನೋಡಲು ಬಂದಿದ್ದ.

ಬಂದು ಉಳಿದವರ ಪಟ್ಟಿಯೂ ಅವರಲ್ಲಿ ಉಂಟು. ಅರಳಗುಂಡಗಿಯಿಂದ ಬಂದು ಇಲ್ಲಿ ದಾಸೋಹಕ್ಕೆ ಕೂತ ಶರಣಬಸಪ್ಪ. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ ದಿಲ್ಲಿ ಬಿಟ್ಟು ಹೊರಟು ಇಲ್ಲಿ ನೆಲೆಸಿ 1422ರಲ್ಲಿ ತೀರಿಕೊಂಡ ಬಂದೇನವಾಜರು. ನಾನು ಮೊದಲ ಬೇಸಿಗೆಯಲ್ಲಿ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಕೂತಿದ್ದಾಗ ಕಾಕಾ ಬಾಗಿಲಲ್ಲಿ ನಿಂತು ಹೇಳಿದ್ದು ಇದು: "ಎಂಬತ್ತರ ಹತ್ತಿರ ವಯಸ್ಸಾಗಿತ್ರಿ ಅವರಿಗಿ. ದಿಲ್ಲಿ ಬಿಟ್ಟು ಬಂದು ಇಲ್ಲೇ ಕೂತರ. ನೀವು ನಲವತ್ತಕ್ಕೇ ಝಳ ಅಂತೀರಿ." ಎಂದವರು ಕಿಸೆಯಲ್ಲಿ ಇಟ್ಟುಕೊಳ್ಳಲು ಒಂದು ಉಳ್ಳಾಗಡ್ಡಿ ಕೊಟ್ಟು ಹೋದರು. ಝಳ ಬಡಿಯಬಾರದೆಂದು. ಅದರಿಂದ ಏನಾಗುತ್ತದೋ, ಕಚೇರಿಯಲ್ಲಿ ನನ್ನ ಪಕ್ಕದವರು ಕುರ್ಚಿ ದೂರ ಎಳೆದುಕೊಂಡರು.

ಕಚೇರಿ ಅಂದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಈ ಒಂದು ಸಂಗತಿಯನ್ನು ಊರಿನ ನೆಂಟರಿಗೆ ನಾನು ಹೇಳಿಲ್ಲ. ಕನಿಕರ ಒಮ್ಮೆಗೇ ಹೊಟ್ಟೆಕಿಚ್ಚಾಗುವುದು ಬೇಡ. ಮನೆಗೆ ಬಂದು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡು, ಕೂಲರಿನ ಮುಂದೆ ಪರಸಿ ನೆಲದ ಮೇಲೆ ಬೆನ್ನು ಹಾಕಿದರೆ ಊರಿಗೆ ಊರೇ ಐದು ಗಂಟೆಯವರೆಗೆ ಸತ್ತು ಬಿದ್ದಿರುತ್ತದೆ. ಸಂಜೆ ಶರಣಬಸವೇಶ್ವರ ಕೆರೆಯ ದಂಡೆ ತುಂಬುತ್ತದೆ. ಕತ್ತಲಾದ ಮೇಲೆ ಛತ್ತಿಗೆ ನೀರು ಹೊಡೆದು, ಅದು ಬುಸ್ಸೆಂದು ಆರಿದ ಮೇಲೆ ಹಾಸಿಗೆ. ಆಗ ಛತ್ತಿನಿಂದ ಛತ್ತಿಗೆ ಮಾತು ಶುರು. ಯಾರ ಮಗಳಿಗೆ ಸೊಲ್ಲಾಪುರದ ಗಂಡು ಗೊತ್ತಾಯಿತು, ಯಾರ ಬೋರಿಗೆ ನೀರು ಬಿತ್ತು, ಯಾರ ಅಳಿಯ ಪುಣೆಯಲ್ಲಿ ಕಾರು ತಗೊಂಡ. ಮಲೆನಾಡಿನಲ್ಲಿ ಪಕ್ಕದ ಮನೆ ಒಂದು ಗುಡ್ಡದಾಚೆ. ಅಲ್ಲಿ ನನಗೆ ಗೊತ್ತಿದ್ದ ಮನೆಗಳಿಗಿಂತ ಇಲ್ಲಿ ನನಗೆ ಗೊತ್ತಿರುವ ಗೊರಕೆಗಳೇ ಹೆಚ್ಚು.

ಎಳ್ಳ ಅಮಾವಾಸ್ಯೆಯ ದಿನ ಕಾಕಾ ನಮ್ಮನ್ನು ಹೊಲಕ್ಕೆ ಹೊರಡಿಸಿದರು. ಕೇಳಲಿಲ್ಲ, ಹೊರಡಿಸಿದರು. ಆ ದಿನ ಕಲಬುರಗಿಯ ಬೀದಿಗಳು ಬಣಬಣ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಇದ್ದವರ ಹೊಲಕ್ಕೆ. ಟಂಟಂನಲ್ಲಿ ನಾವು ಹದಿಮೂರು ಜನ, ಬುಟ್ಟಿಗಳು, ಒಂದು ಹಾರ್ಮೋನಿಯಂ. ಬನ್ನಿಗಿಡದ ಕೆಳಗೆ ಪೂಜೆ ಮಾಡಿ, ಬೆಳೆಗೆಲ್ಲ ಚರಗ ಚೆಲ್ಲಿ, ಆಮೇಲೆ ಊಟಕ್ಕೆ ಕೂತೆವು: ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಕಡಬು, ಅಂಬಲಿ. ಎಲ್ಲಕ್ಕಿಂತ ಮೇಲೆ ಭಜ್ಜಿ. ಎಣ್ಣೆಯಲ್ಲಿ ಕರಿದ ಭಜಿಯಲ್ಲ. ಆ ಹೊತ್ತಿಗೆ ಹೊಲದಲ್ಲಿ ಇರುವ ಸೊಪ್ಪು, ಎಳೆ ಕಾಳು, ಕಾಯಿಪಲ್ಯವನ್ನೆಲ್ಲ ಒಟ್ಟಿಗೆ ಹದವಾಗಿ ಕುದಿಸಿ ಕಲೆಸಿದ್ದು. ಅಂಥದ್ದನ್ನು ನಾನು ಬೇರೆಲ್ಲೂ ತಿಂದಿಲ್ಲ. ಕಾಕಾ ಅವರ ಸೊಸೆ ಮೂರನೆಯ ಸಲ ಬಡಿಸಲು ಬಂದಾಗ ಸಾಕೆಂದೆ. "ಸಾಕು ಅನ್ನೋದು ಪ್ಯಾಟಿಯಾಗ" ಅಂದರು ಕಾಕಾ. ಆಳೆತ್ತರದ ತೊಗರಿ, ತಣ್ಣನೆ ಗಾಳಿ, ಕಪ್ಪು ನೆಲ. ಇದನ್ನು ಟೀವಿಯವರು ಯಾಕೆ ತೋರಿಸುವುದಿಲ್ಲವೋ.

ಹೀಗೆ ಹೊಗಳುತ್ತಾ ಹೋಗಬಹುದಿತ್ತು, ಈ ಸಲದ ಜೂನ್ ಬರದಿದ್ದರೆ. ನಮ್ಮ ಕಚೇರಿಯಿಂದ ಇಬ್ಬರು ಹೋದರು. ಬದಲಿಗೆ ಆರ್ಡರು ಆದವರು ಬರಲೇ ಇಲ್ಲ. ಒಬ್ಬರು ವೈದ್ಯಕೀಯ ರಜೆ ಹಾಕಿ ಬೆಂಗಳೂರಿನಲ್ಲೇ ಕೂತರು, ಇನ್ನೊಬ್ಬರು ಯಾರನ್ನೋ ಹಿಡಿದು ಆದೇಶವನ್ನೇ ಬದಲಿಸಿಕೊಂಡರು. ಅವರ ಟಪಾಲು ನನ್ನ ಮೇಜಿಗೆ ಬಂದಿದೆ. ಅದು ಹಾಳಾಗಲಿ, ಅಫಜಲಪುರದಿಂದ ಬೆಳಗಿನ ಬಸ್ಸಿಗೆ ಬಂದ ಮುದುಕಿಗೆ ಖಾಲಿ ಕುರ್ಚಿ ತೋರಿಸಿ, "ಸಾಹೇಬರು ಇನ್ನೂ ಬಂದಿಲ್ಲಜ್ಜಿ" ಎಂದು ಹೇಳಬೇಕಾದವನೂ ನಾನೇ. ಸಂವಿಧಾನಕ್ಕೆ 371ಜೆ ಸೇರಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, ವಿಮಾನವೂ ಇಳಿಯಿತು. ಕುರ್ಚಿಯಲ್ಲಿ ಕೂರುವವನು ಮಾತ್ರ ಬಿಸಿಲಿಗೆ ಹೆದರಿ ತುಮಕೂರಿನ ಈಚೆ ಬರುವುದಿಲ್ಲ. ಕನ್ನಡದಲ್ಲಿ ನಮಗೆ ದೊರೆತ ಅತ್ಯಂತ ಹಳೆಯ ಕೃತಿ ಕವಿರಾಜಮಾರ್ಗ ರಾಷ್ಟ್ರಕೂಟರ ಆಸ್ಥಾನದ್ದು. ಅವರ ರಾಜಧಾನಿ ಮಳಖೇಡ ಇಲ್ಲೇ ಸೇಡಂ ತಾಲ್ಲೂಕಿನಲ್ಲಿದೆ. ಆಗಲೂ ಬಿಸಿಲು ಇದ್ದಿರಲೇಬೇಕು. ನಮ್ಮ ಚಿಕ್ಕಮ್ಮನ ಕಣ್ಣೀರು ನೋಡಿದರೆ ಈಗ ನನಗೆ ನಗು ಬರುವುದಿಲ್ಲ. ಆ ಕಣ್ಣೀರಿನ ಇನ್ನೊಂದು ರೂಪವೇ ಈ ವೈದ್ಯಕೀಯ ರಜೆಯ ಅರ್ಜಿ.

ಹೋದವರಲ್ಲಿ ಒಬ್ಬರು ನಮ್ಮ ಮೇಲಿನ ಭಾಗದಲ್ಲೇ ಇದ್ದವರು. ಪ್ಲಾಸ್ಟಿಕ್ ಕೂಲರಿನವರು, ಕಾಕಾ ಮೊದಲೇ ಹೇಳಿದ್ದರು. ಈಗ ಆ ಭಾಗ ಖಾಲಿ. "ನಿಮ್ ಕಡೀಯವರು ಯಾರರೆ ಇದ್ರ ನೋಡ್ರಿ" ಎಂದು ಕಾಕಾ ದಿನಾ ನೆನಪಿಸುತ್ತಿದ್ದರಿಂದ ವಾಟ್ಸಾಪಿನಲ್ಲಿ ಹಾಕಲು ಒಂದು ಪ್ರಕಟಣೆ ಬರೆದೆ. ಎರಡು ಖೋಲಿ, ಅಡುಗೆಮನೆ, ನಳದ ನೀರು, ಬೋರು, ಒಳ್ಳೆಯ ನೆರೆಹೊರೆ. ಕಾಕಾ ಓದಿಸಿ ಕೇಳಿದರು.

"ಕೂಲರ್ ಕೂಡಸ್ಲಾಕ ಖಿಡಕಿ ಅದ ಅಂತ ಹಾಕ್ರಿ."

"ಅದನ್ನ ಹಾಕಿದ್ರೆ ಹೆದರಿ ಬರೋದಿಲ್ಲ ಕಾಕಾ."

"ಹಾಕ್ರಿ. ಹೆದರೋರು ಫೋನ್‌ದಾಗೇ ಹೆದರಲಿ. ಮ್ಯಾಲಿನ ಖೋಲಿದಾಗ ಇನ್ನ ಜಾಗ ಇಲ್ಲ."

ಹಾಕಿದೆ. ಇದುವರೆಗೆ ಬಂದ ಫೋನು ಒಂದೇ, ಉಡುಪಿಯವರದು. ಬಿಸಿಲಿನ ವಿಚಾರ ಎತ್ತಲಿಲ್ಲ; ಕಾರು ನಿಲ್ಲಿಸಲು ನೆರಳಿದೆಯೇ ಎಂದಷ್ಟೇ ಕೇಳಿದರು. ಕಾಕಾ ಅಂಗಳದ ಬೇವಿನಗಿಡವನ್ನೊಮ್ಮೆ, ಅದರ ಕೆಳಗಿನ ತಮ್ಮ ಹೊರಸನ್ನೊಮ್ಮೆ ನೋಡಿದರು. "ನೆರಳು ಅದ ಅಂತ ಹೇಳ್ರಿ" ಎಂದರು. "ಆದ್ರ ಹೊರಸು ಸರಸಂಗಿಲ್ಲ ಅಂತನೂ ಹೇಳ್ರಿ. ಕಾರ್ ಎಷ್ಟ್ ದೊಡ್ಡದದ, ಕೇಳ್ರಿ ಮೊದಲ."